ಮೆಂಟರ್ ಹತ್ತಿರ ಬರಿಗೈಲಿ ಹೋಗಬೇಡಿ

ಹಿರಿಯರ ಮನೆಗೆ ಬರಿಗೈಲಿ ಹೋಗಬಾರದು ಅಂತ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹೇಳಿಕೊಡುತ್ತಾರೆ. ನಾಲ್ಕು ಬಾಳೆಹಣ್ಣೋ ಒಂದು ಮೊಳ ಹೂವೋ ಕೈಯಲ್ಲಿರಬೇಕು. ಬೆಂಗಳೂರಿನಲ್ಲಿ ಕಾಲೇಜು ಓದುತ್ತಾ ಒಬ್ಬ ಮೆಂಟರನ್ನು, ಅಂದರೆ ದಾರಿ ತೋರಿಸುವ ಅನುಭವಿಯೊಬ್ಬರನ್ನು, ಹುಡುಕಿಕೊಂಡು ಹೋಗುವವರಿಗೂ ನಾನು ಇದನ್ನೇ ಹೇಳುತ್ತೇನೆ. ನೀವು ಮಾಡಿದ ಅಥವಾ ಮಾಡಲು ಹೊರಟಿರುವ ಒಂದು ಕೆಲಸ ಕೈಯಲ್ಲಿರಲಿ. ಕೆಲಸಗಳನ್ನು ಹಂಚಿದ ಪಟ್ಟಿ, ಅರ್ಧ ಬರೆದ ಅರ್ಜಿ, ತಾಳೆಯಾಗದ ಲೆಕ್ಕ, ಯಾವುದಾದರೂ ಆದೀತು. ಅದನ್ನು ಮೇಜಿನ ಮೇಲಿಟ್ಟ ಕೂಡಲೇ ಮಾತಿಗೆ ಒಂದು ನೆಲೆ ಸಿಗುತ್ತದೆ.

1924ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಾಣಲು ಹೋದಾಗ ಕೈಯಲ್ಲಿ ತಾವೇ ಬರೆದ ಇಂಗ್ಲಿಷ್ ಕವಿತೆಗಳಿದ್ದವು. ಅವನ್ನು ನೋಡಿದ ಕಸಿನ್ಸ್, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು, ಕನ್ನಡದಲ್ಲಿ ಬರೆಯಲು ಹೇಳಿದರು. ಆ ಕಥೆ ನಮಗೆಲ್ಲ ಗೊತ್ತು. ಆದರೆ ಆ ಸಲಹೆ ಹುಟ್ಟಿದ್ದೇ ಕೈಯಲ್ಲಿದ್ದ ಹಾಳೆಗಳಿಂದ ಅನ್ನುವುದನ್ನು ಮರೆಯುತ್ತೇವೆ. "ನಾನು ಮುಂದೆ ಏನಾಗಲಿ?" ಎಂದಷ್ಟೇ ಕೇಳಿದ್ದರೆ ಎಂಥ ದೊಡ್ಡವರಿಗೂ ಅಂಥ ಉತ್ತರ ಹೊಳೆಯುತ್ತಿರಲಿಲ್ಲ.

ಈಗ ಮೊದಲ ಮೆಸೇಜಿನ ವಿಷಯ. "ಸರ್, ಫ್ರೀ ಇದ್ದೀರಾ? ಸ್ವಲ್ಪ ಗೈಡೆನ್ಸ್ ಬೇಕಿತ್ತು." ಹೆಚ್ಚಿನವರು ಕಳಿಸುವುದು ಇದನ್ನೇ. ಉತ್ತರ ಬರದಿದ್ದರೆ "ದೊಡ್ಡವರು, ನಮಗೆಲ್ಲಿ ಉತ್ತರ ಕೊಡ್ತಾರೆ" ಅಂತ ಸುಮ್ಮನಾಗುತ್ತಾರೆ. ನಿಜವಾಗಿ ಆಗುವುದು ಬೇರೆ. ಓದಿದವರಿಗೆ ನೀವು ಯಾರು, ಕೇಳುತ್ತಿರುವುದು ಹತ್ತು ನಿಮಿಷವೋ ಹತ್ತು ತಿಂಗಳೋ, ಏನೂ ತಿಳಿಯುವುದಿಲ್ಲ. ಸಂಜೆ ನೋಡೋಣ ಅಂದುಕೊಳ್ಳುತ್ತಾರೆ, ಅಷ್ಟರಲ್ಲಿ ಮೆಸೇಜ್ ಕೆಳಗೆ ಹೋಗಿರುತ್ತದೆ. ಹೀಗೆ ಬರೆದು ನೋಡಿ:

"ನಮಸ್ಕಾರ ಮೇಡಂ. ನಾನು ಮಲ್ಲೇಶ್ವರದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಕಾಲೇಜಿನ ರಾಜ್ಯೋತ್ಸವದ ಜವಾಬ್ದಾರಿ ಈ ಸಲ ನನ್ನದು. ಹನ್ನೆರಡು ಜನಕ್ಕೆ ಕೆಲಸ ಹಂಚಿ ಒಂದು ಪಟ್ಟಿ ಮಾಡಿದ್ದೇನೆ, ಎಲ್ಲಿ ಎಡವಬಹುದು ಅಂತ ನೀವು ನೋಡಿ ಹೇಳಬೇಕು. ಶನಿವಾರ ಇಲ್ಲವೇ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಸಾಕು, ನಿಮ್ಮ ಮನೆ ಹತ್ತಿರಕ್ಕೇ ಬರುತ್ತೇನೆ."

ಯಾರು, ಕೈಯಲ್ಲಿ ಏನಿದೆ, ಏನು ಬೇಕು, ಎಷ್ಟು ಹೊತ್ತು, ಎಲ್ಲಿ, ಎಲ್ಲವೂ ಇದರಲ್ಲಿ ಬಂತು. "ನನಗೆ ಮೆಂಟರ್ ಆಗ್ತೀರಾ?" ಅನ್ನುವ ಪ್ರಶ್ನೆ ಇಲ್ಲಿ ಬೇಡವೇ ಬೇಡ. ಮುಖ ಪರಿಚಯವೂ ಇಲ್ಲದವರು ಹಾಗೆ ಕೇಳಿದರೆ ಯಾರಿಗಾದರೂ ಭಾರವಾಗುತ್ತದೆ. ಎರಡು ಸಲ ಕೂತು ಮಾತಾಡಿ, ಅವರು ಹೇಳಿದ ಒಂದನ್ನಾದರೂ ಮಾಡಿ ತೋರಿಸಿ, ಮೂರನೇ ಭೇಟಿಯಲ್ಲಿ ಕೇಳಿ. "ಆರು ತಿಂಗಳು, ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಕೊಡ್ತೀರಾ?" ಅಂದಾಗ ಎಷ್ಟು ಕೊಡಬೇಕು, ಯಾವಾಗ ಮುಗಿಯುತ್ತದೆ ಎರಡೂ ಅವರಿಗೆ ಗೊತ್ತಾಗುತ್ತದೆ. ಕೊನೆ ದಿನಾಂಕ ಇಲ್ಲದ ಒಪ್ಪಂದಗಳೇ ಎರಡನೇ ತಿಂಗಳಿಗೆ ಸೊರಗುವುದು.

ಕಾಲೇಜಿನವರೇ ಒಬ್ಬ ಮೆಂಟರನ್ನು ಕೊಟ್ಟಿದ್ದಾರಲ್ಲ ಎಂದು ನೀವು ಕೇಳಬಹುದು. ಕೊಟ್ಟಿರುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ ರೂಪಿಸಿದ, ಹೊಸದಾಗಿ ಸೇರಿದವರಿಗಾಗಿ ಇರುವ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮದಲ್ಲೇ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಅನ್ನುವ ಲೆಕ್ಕವಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗೆ ಕಾಲೇಜುಗಳು ಬರೆದುಕೊಡುತ್ತಿದ್ದ ವರದಿಯಲ್ಲೂ ಮೆಂಟರ್-ವಿದ್ಯಾರ್ಥಿ ಅನುಪಾತದ ಕಾಲಂ ಇತ್ತು. ಈ ಮೆಂಟರ್ ನಿಮ್ಮ ಅಟೆಂಡೆನ್ಸ್ ನೋಡುತ್ತಾರೆ, ಇಂಟರ್ನಲ್ಸ್ ಕಡಿಮೆಯಾದರೆ ಮನೆಗೆ ಫೋನ್ ಮಾಡುತ್ತಾರೆ, ಫಾರಂಗಳಿಗೆ ಸಹಿ ಹಾಕುತ್ತಾರೆ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯುವಿನ ಕಾಲೇಜುಗಳಲ್ಲಿ 85 ಪರ್ಸೆಂಟ್ ಹಾಜರಿ ಬೇಕು. ಶಾರ್ಟೇಜ್ ಬರುವ ಮೊದಲೇ ಎಚ್ಚರಿಸುವವರು ಇವರೇ. ಕಾಲೇಜಿನ ಒಳಗೆ ಯಾವ ಕೆಲಸಕ್ಕೆ ಯಾರನ್ನು ಹಿಡಿಯಬೇಕು ಎನ್ನುವುದೂ ಇವರಿಗೇ ಗೊತ್ತು. ಇವರ ಸಂಬಂಧ ಚೆನ್ನಾಗಿ ಇಟ್ಟುಕೊಳ್ಳಿ.

ಆದರೆ ನಿಮಗೆ ಮಾರ್ಕ್ಸ್ ಹಾಕುವವರ ಮುಂದೆ ನೀವು ಪೂರ್ತಿ ಬಾಯಿ ಬಿಡಲಾರಿರಿ. "ನಾನು ಸೆಮಿನಾರ್ ಹಿಂದಿನ ದಿನ ಭಯಪಟ್ಟು ರಜೆ ಹಾಕಿದೆ" ಅನ್ನುವುದನ್ನು ಇಂಟರ್ನಲ್ಸ್ ಕೊಡುವವರಿಗೆ ಹೇಳುವುದು ಕಷ್ಟ. ಹಾಗಾಗಿ ವೈಯಕ್ತಿಕ ಮೆಂಟರ್ ಆಗುವವರ ಕೈಯಲ್ಲಿ ನಿಮ್ಮ ಅಂಕ, ನಿಮ್ಮ ಸಂಬಳ, ನಿಮ್ಮ ಮನೆಯ ತೀರ್ಮಾನ, ಈ ಮೂರೂ ಇರಬಾರದು. ಅಪ್ಪನ ಗೆಳೆಯರು, ಸೋದರಮಾವ ಎಷ್ಟೇ ಒಳ್ಳೆಯವರಾಗಿದ್ದರೂ ಇದೇ ಕಾರಣಕ್ಕೆ ಸರಿಹೋಗುವುದಿಲ್ಲ. ನೀವು ಹೇಳಿದ್ದು ಯಾವುದೋ ಮದುವೆ ಮನೆಯಲ್ಲಿ ಹೊರಬೀಳುತ್ತದೆ.

ಹಾಗಾದರೆ ಎಲ್ಲಿ ಹುಡುಕುವುದು? ಬೆಂಗಳೂರು ಅಂದ ಕೂಡಲೇ ಎಲ್ಲರ ಕಣ್ಣೂ ಸ್ಟಾರ್ಟಪ್ ಫೌಂಡರ್‌ಗಳ ಕಡೆ ಹೋಗುತ್ತದೆ. ಅವರಲ್ಲಿ ಒಳ್ಳೆಯವರಿದ್ದಾರೆ, ಸಮಯ ಇರುವವರು ಕಡಿಮೆ. ಈ ಊರಿಗೆ ಇನ್ನೊಂದು ಆಸ್ತಿ ಇದೆ, ದೊಡ್ಡ ಸರ್ಕಾರಿ ಕಾರ್ಖಾನೆಗಳಿಂದ ನಿವೃತ್ತರಾದವರು. ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ. ಅಲ್ಲಿ ಶಿಫ್ಟ್ ನಡೆಸಿ, ಯೂನಿಯನ್ ಜೊತೆ ಕೂತು ಮಾತುಕತೆ ಆಡಿ, ಮುನಿಸಿಕೊಂಡ ಹಿರಿಯ ಕೆಲಸಗಾರನನ್ನು ಮತ್ತೆ ಮಷೀನಿಗೆ ಕರೆತಂದು ನಿವೃತ್ತರಾದವರು ಜಾಲಹಳ್ಳಿ, ವಿದ್ಯಾರಣ್ಯಪುರ, ವಿಮಾನಪುರದ ಕಡೆ ಈಗಲೂ ಬೆಳಗಿನ ವಾಕಿಂಗಿನಲ್ಲಿ ಸಿಗುತ್ತಾರೆ. ಐವತ್ತು ಜನರ ಕೈಲಿ ಕೆಲಸ ಮಾಡಿಸುವುದು ಹೇಗೆ ಅನ್ನುವುದನ್ನು ಇವರಷ್ಟು ಚೆನ್ನಾಗಿ ಹೇಳಬಲ್ಲವರು ಅಪರೂಪ. ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ಸರ್ಕಾರಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್, ಹೈಸ್ಕೂಲಿನ ಹೆಡ್‌ಮಿಸ್, ಸಾವಿರ ಜನಕ್ಕೆ ಅಡುಗೆ ಮಾಡಿಸುವ ಕಂಟ್ರಾಕ್ಟರ್, ಇವರೂ ಅಷ್ಟೇ. ಹುದ್ದೆಯ ಹೆಸರಿಗೆ ಮರುಳಾಗದೆ ಮೂರು ವಿಷಯ ನೋಡಿ. ಜನರ ಕೈಲಿ ಕೆಲಸ ಮಾಡಿಸಿದ್ದಾರಾ? ತಮ್ಮ ತಪ್ಪನ್ನು ಸಂಕೋಚವಿಲ್ಲದೆ ಹೇಳುತ್ತಾರಾ? ಮಾತಿನ ಮಧ್ಯೆ ನಿಮ್ಮನ್ನು ಪ್ರಶ್ನೆ ಕೇಳುತ್ತಾರಾ? ಮೂರನೆಯದು ಇಲ್ಲದವರು ಭಾಷಣಕ್ಕೆ ಚೆನ್ನ, ಮೆಂಟರ್ ಆಗಲಾರರು.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಲಾರ, ತುಮಕೂರು, ರಾಮನಗರದಿಂದ ಬಂದು ಹಾಸ್ಟೆಲಲ್ಲಿರುವ ಎಷ್ಟೋ ಮಕ್ಕಳು ಇಂಗ್ಲಿಷ್ ಮಾತಾಡುವ ಮೆಂಟರ್ ಮುಂದೆ "ಯೆಸ್ ಸರ್, ಓಕೆ ಸರ್" ಅಂತಲೇ ಮುಕ್ಕಾಲು ಗಂಟೆ ಕಳೆದು ಬರುತ್ತಾರೆ. ಹೇಳಬೇಕಾದದ್ದು ಮನಸ್ಸಿನಲ್ಲೇ ಉಳಿಯುತ್ತದೆ. ಯೋಚನೆ ಬಿಚ್ಚಿಡಬೇಕಾದ ಜಾಗದಲ್ಲಿ ಇಂಗ್ಲಿಷ್ ಪರೀಕ್ಷೆ ಬೇಡ. ಕನ್ನಡದಲ್ಲೇ ಮಾತಾಡಬಲ್ಲವರನ್ನು ಹುಡುಕಿ. ಇಂಗ್ಲಿಷ್ ಅಭ್ಯಾಸವೂ ಬೇಕಿದ್ದರೆ ಕೊನೆಯ ಹತ್ತು ನಿಮಿಷ ಅದಕ್ಕೇ ಮೀಸಲಿಡಿ: ಆವತ್ತು ಮಾತಾಡಿದ್ದನ್ನೇ ಐದು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಿ, ಅವರು ತಿದ್ದಲಿ. ವಿಷಯ ಆಗಲೇ ಗೊತ್ತಿರುವುದರಿಂದ ಪದ ಹುಡುಕುವುದೊಂದೇ ಕೆಲಸ ಉಳಿಯುತ್ತದೆ.

ಭೇಟಿಯ ಜಾಗ ಸಣ್ಣ ವಿಷಯ ಅನಿಸಬಹುದು, ಆದರೆ ಟ್ರಾಫಿಕ್ಕಿನಿಂದಲೇ ಅರ್ಧ ಭೇಟಿಗಳು ತಪ್ಪುತ್ತವೆ. ಅವರಿಗೆ ಹತ್ತಿರ, ನಿಮಗೆ ಮೆಟ್ರೋ ಇರುವ ಕಡೆ ಗೊತ್ತುಮಾಡಿ. ಹಸಿರು ಮಾರ್ಗದವರಿಗೆ ಲಾಲ್‌ಬಾಗ್ ಸ್ಟೇಷನ್ ಇಳಿದರೆ ಪಶ್ಚಿಮದ ಗೇಟು ಪಕ್ಕದಲ್ಲೇ. ನೇರಳೆ ಮಾರ್ಗದವರಿಗೆ ಕಬ್ಬನ್ ಪಾರ್ಕ್. ಕಲ್ಲು ಬೆಂಚಿನ ಮೇಲೆ ಕೂತು ನೋಟ್‌ಬುಕ್ ತೆರೆಯಬಹುದು. ದರ್ಶಿನಿಯಲ್ಲಿ ನಿಂತು ಮಾತಾಡಿದರೆ ಲೋಟ ಖಾಲಿಯಾಗುವಷ್ಟರಲ್ಲಿ ಮಾತೂ ಮುಗಿಯುತ್ತದೆ, ಹಿಂದೆ ಪ್ಲೇಟ್ ಹಿಡಿದವರು ಜಾಗಕ್ಕೆ ಕಾಯುತ್ತಿರುತ್ತಾರೆ. ಭೇಟಿ ಮುಗಿದ ಮೇಲೆ ಬೈಟು ಕಾಫಿಗೆ ಹೋಗಿ, ಬಿಲ್ಲು ನೀವು ಕೊಡಿ. ಅವರು ಒಪ್ಪದಿದ್ದರೆ ಹಟ ಮಾಡಬೇಡಿ. ಮಳೆಗಾಲದಲ್ಲಿ ಮೊದಲೇ ಇನ್ನೊಂದು ಜಾಗ ಹೇಳಿಟ್ಟಿರಿ. ಹಿಂದಿನ ರಾತ್ರಿ "ನಾಳೆ ಎಂಟಕ್ಕೆ, ಪಶ್ಚಿಮದ ಗೇಟು" ಅಂತ ಒಂದು ಸಾಲು ಕಳಿಸಿ.

ಇನ್ನು ನೋಟ್‌ಬುಕ್. ಫೋನಿನಲ್ಲಿ ಬರೆದುಕೊಂಡರೆ ಸಾಲದು. ಎದುರಿಗಿದ್ದವರಿಗೆ ನೀವು ಬರೆಯುತ್ತಿದ್ದೀರೋ ಚಾಟ್ ಮಾಡುತ್ತಿದ್ದೀರೋ ಗೊತ್ತಾಗುವುದಿಲ್ಲ. ಇನ್ನೂರು ಪುಟದ ಸಾದಾ ನೋಟ್‌ಬುಕ್ ತಗೊಳ್ಳಿ. ಎಡಗಡೆ ಪುಟದಲ್ಲಿ ಮುಂದಿನ ಭೇಟಿಯೊಳಗೆ ಏನು ಮಾಡುತ್ತೇನೆ ಅಂತ ಹೇಳಿದಿರೋ ಅದು, ದಿನಾಂಕದ ಜೊತೆ. ಮೂರಕ್ಕಿಂತ ಹೆಚ್ಚು ಬೇಡ. ಬಲಗಡೆ ಪುಟ ಖಾಲಿ ಬಿಡಿ; ಅಲ್ಲಿ ನಿಜವಾಗಿ ಏನಾಯಿತು ಅಂತ ಆಮೇಲೆ ಬರೆಯಿರಿ. "ಸೋಮವಾರದೊಳಗೆ ಪ್ರಿನ್ಸಿಪಾಲರಿಗೆ ಪರ್ಮಿಷನ್ ಲೆಟರ್" ಎಂದು ಎಡಗಡೆ. "ಬುಧವಾರ ಕೊಟ್ಟೆ. ಎಚ್‌ಒಡಿ ಸಹಿ ಮೊದಲು ಬೇಕು ಅಂತ ಗೊತ್ತಿರಲಿಲ್ಲ, ವಾಪಸ್ ಕಳಿಸಿದರು" ಎಂದು ಬಲಗಡೆ. ಮುಂದಿನ ಭೇಟಿ ಶುರುವಾಗಬೇಕಾದ್ದು ಈ ಬಲಗಡೆಯ ಪುಟ ಓದುವುದರಿಂದ. ನಾಲ್ಕು ಭೇಟಿ ಆಗುವಷ್ಟರಲ್ಲಿ ಒಂದು ಮಾದರಿ ಕಣ್ಣಿಗೆ ಬೀಳುತ್ತದೆ. ಕೆಲವರದು ಯಾವಾಗಲೂ ಎರಡು ದಿನ ತಡ. ಕೆಲವರು ಬರವಣಿಗೆಯ ಕೆಲಸವನ್ನೆಲ್ಲ ಮುಗಿಸಿ, ಫೋನ್ ಮಾಡಬೇಕಾದ ಕೆಲಸವನ್ನೆಲ್ಲ ಉಳಿಸಿರುತ್ತಾರೆ. ನಿಮ್ಮ ಸ್ವಭಾವ ಇಂಥದ್ದು ಅಂತ ಯಾರೋ ಹೇಳಿದರೆ ಸಿಟ್ಟು ಬರುತ್ತದೆ. ನಿಮ್ಮದೇ ಅಕ್ಷರದಲ್ಲಿ ಕಂಡರೆ ಒಪ್ಪಿಕೊಳ್ಳುತ್ತೀರಿ.

ನಾಯಕತ್ವ ಕಲಿಯುವುದಕ್ಕೆ ಒಂದು ನಿಜವಾದ ಜವಾಬ್ದಾರಿ ಬೇಕೇ ಬೇಕು. ಎನ್‌ಎಸ್‌ಎಸ್ ಅನ್ನುವ ರಾಷ್ಟ್ರೀಯ ಸೇವಾ ಯೋಜನೆ ಅದಕ್ಕೆ ಒಳ್ಳೆಯ ಜಾಗ: ವರ್ಷಕ್ಕೆ 120 ಗಂಟೆಯ ಸೇವೆ, ಅದರ ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಕ್ಯಾಂಪು. ಆದರೆ ಎಲ್ಲ ಕಾಲೇಜಿನಲ್ಲೂ ಕೈಗೆ ಸಿಗುವುದು ನವೆಂಬರಿನ ರಾಜ್ಯೋತ್ಸವ, ಅದನ್ನೇ ಉದಾಹರಣೆಗೆ ತಗೊಳ್ಳೋಣ. ಮುನ್ನೂರು ಜನ, ಹನ್ನೆರಡು ಜನರ ಸಮಿತಿ, ನಲವತ್ತು ಸಾವಿರ ರೂಪಾಯಿ ಅಂದುಕೊಳ್ಳಿ.

ಮೊದಲ ತಪ್ಪು ಆಗುವುದು ವಾಟ್ಸಾಪ್ ಗುಂಪಿನಲ್ಲಿ. "ಬ್ಯಾನರ್ ಯಾರಾದ್ರೂ ನೋಡ್ಕೊಳ್ರಪ್ಪಾ" ಅಂತ ಹಾಕುತ್ತೀರಿ, ಆರು ಜನ ಹೆಬ್ಬೆರಳು ಒತ್ತುತ್ತಾರೆ, ಯಾರೂ ಮಾಡುವುದಿಲ್ಲ. ಆರೂ ಜನ ಇನ್ನೊಬ್ಬ ಮಾಡುತ್ತಾನೆ ಅಂದುಕೊಂಡಿರುತ್ತಾರೆ. ಪಟ್ಟಿಯಲ್ಲಿ ಮೂರು ಕಾಲಂ ಇರಲಿ: ಕೆಲಸ, ಒಬ್ಬರ ಹೆಸರು, ಯಾವ ದಿನ ಏನನ್ನು ತೋರಿಸಬೇಕು. ಬ್ಯಾನರಿಗೆ ಒಬ್ಬಳ ಹೆಸರು, ಅಕ್ಟೋಬರ್ 28ರ ಸಂಜೆ ಐದಕ್ಕೆ ಪ್ರೂಫಿನ ಫೋಟೊ. ಈ ಫೋಟೊ ಯಾಕೆ ಅಂದರೆ, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಸಿಸ್ಟಮ್ಮಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಕೆಟ್ಟುಹೋಗುತ್ತವೆ. ಅಂಗಡಿಯವರು ಮತ್ತೆ ಟೈಪ್ ಮಾಡುವಾಗ "ರಾಜ್ಯೋತ್ಸವ"ದ ಒತ್ತು ಬಿಟ್ಟುಹೋಗುತ್ತದೆ, ಅರ್ಕಾವತ್ತು ಜಾಗ ಬದಲಿಸುತ್ತದೆ. ಕನ್ನಡದ ಹಬ್ಬಕ್ಕೆ ತಪ್ಪು ಕನ್ನಡದ ಬ್ಯಾನರ್ ಕಟ್ಟಿದ ಮೇಲೆ ಯಾರೂ ಬಿಚ್ಚಲಾರರು.

ಒಳ್ಳೆಯ ಮೆಂಟರ್ ಈ ಪಟ್ಟಿ ನೋಡಿ ಮೊದಲು ಕೇಳುವುದು: "ಇದರಲ್ಲಿ ನಿನ್ನ ಹೆಸರು ಎಷ್ಟು ಸಲ ಇದೆ?" ಹನ್ನೆರಡು ಕೆಲಸದಲ್ಲಿ ಏಳಕ್ಕೆ ನಿಮ್ಮದೇ ಹೆಸರಿದ್ದರೆ ನೀವು ಮುಂದಾಳು ಅಲ್ಲ, ಎಲ್ಲರಿಗಿಂತ ಹೆಚ್ಚು ಓಡಾಡುವ ಆಳು. ಕಾರ್ಯಕ್ರಮದ ದಿನ ಮೈಕ್ ಕೈಕೊಟ್ಟಾಗ ನೀವು ತಿಂಡಿ ಎಣಿಸುತ್ತಿರುತ್ತೀರಿ. ಮುಂದಾಳಿನ ಹೆಸರು ಒಂದೋ ಎರಡೋ ಕಡೆ ಇದ್ದರೆ ಸಾಕು, ಉಳಿದ ಹೊತ್ತು ಕೈ ಖಾಲಿ ಇರಬೇಕು, ಎಡವಟ್ಟಾದ ಕಡೆ ಹೋಗುವುದಕ್ಕೆ. ಮತ್ತೆ, ಕೆಲಸವನ್ನು ಚೂರು ಮಾಡಿ ಕೊಡಬೇಡಿ. ಜೂನಿಯರ್‌ಗೆ "ಹೋಗಿ ಪ್ಲೇಟ್ ತಗೊಂಡು ಬಾ" ಅಂದರೆ ಅವನು ಪ್ಲೇಟ್ ತರುತ್ತಾನೆ, ಚಮಚ ಬಿಟ್ಟು ಬರುತ್ತಾನೆ. "ತಿಂಡಿ ಪೂರ್ತಿ ನಿನ್ನದು, ಸಂಖ್ಯೆ ಹೇಳೋದರಿಂದ ಕಸ ಎತ್ತಿಸೋವರೆಗೆ" ಅಂದರೆ ಅವನ ತಲೆ ಓಡುತ್ತದೆ.

ಹಣದಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲಿ ನಾಲ್ಕು ಸಾವಿರ, ಯಾವ ಬಾಬ್ತಿಗೂ ಬರೆಯದೆ ಉಳಿಸಿ. ಜನರೇಟರ್, ಕೊನೆ ಗಳಿಗೆಯ ಆಟೋ, ಅತಿಥಿಗೆ ಇನ್ನೊಂದು ಶಾಲು, ಎಲ್ಲ ಅದರಿಂದಲೇ. ದುಡ್ಡು ಒಬ್ಬರ ಕೈಯಲ್ಲಿ, ಲೆಕ್ಕ ಬರೆಯುವುದು ಇನ್ನೊಬ್ಬರು. ಇಬ್ಬರೂ ಒಬ್ಬರೇ ಆದರೆ ಒಂದು ಬಿಲ್ಲು ಕಳೆದರೂ ಅನುಮಾನ ಹುಟ್ಟುತ್ತದೆ, ಸ್ನೇಹ ಹಾಳಾಗುತ್ತದೆ. ವೇಳಾಪಟ್ಟಿಯನ್ನು ನಿಮಿಷದ ಲೆಕ್ಕದಲ್ಲಿ ಬರೆಯಿರಿ. ನಾಡಗೀತೆಗೆ 2022ರಲ್ಲಿ ಸರ್ಕಾರವೇ 2 ನಿಮಿಷ 30 ಸೆಕೆಂಡು ಅಂತ ಗೊತ್ತುಮಾಡಿದೆ. ಸ್ವಾಗತ ಭಾಷಣಕ್ಕೆ ಮಾತ್ರ ಹಾಗೆ ಯಾರೂ ಗೊತ್ತುಮಾಡಿಲ್ಲ, ಅದು ನಿಮ್ಮ ಕೆಲಸ. ಸಂಜೆ ಬಯಲಲ್ಲಿ ನಡೆಸುವುದಾದರೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು, ಅದು ಕಾನೂನು. ಆರ್ಕೆಸ್ಟ್ರಾ ಒಂಬತ್ತಕ್ಕೆ ಶುರುವಾದರೆ ಕೊನೆಯ ಹಾಡಿಗೆ ಕಾದವರೆಲ್ಲ ನಿಮ್ಮನ್ನೇ ಬೈಯುತ್ತಾರೆ.

ಇಷ್ಟರಲ್ಲಿ ಬ್ಯಾನರ್ ಹುಡುಗಿ ಫೋಟೊ ಕಳಿಸಿಲ್ಲ ಅಂದುಕೊಳ್ಳಿ. ಅವಳು ನಿಮ್ಮ ಬೆಂಚಿನ ಗೆಳತಿ. ಹೆಚ್ಚಿನವರು ಇಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ: ಬಾಯಿ ಮುಚ್ಚಿಕೊಂಡು ತಾವೇ ಅಂಗಡಿಗೆ ಓಡುತ್ತಾರೆ, ಇಲ್ಲವೇ "ನಿಂಗೆ ಜವಾಬ್ದಾರಿನೇ ಇಲ್ವಲ್ಲೇ" ಅಂತ ಗುಂಪಿನಲ್ಲೇ ಹಾಕುತ್ತಾರೆ. ಮೆಂಟರ್ ಜೊತೆ ಮಾಡಬೇಕಾದ ಅಭ್ಯಾಸ ಇದು. ಅವರು ಆ ಗೆಳತಿಯಾಗಲಿ, ನೀವು ಬಾಯಿಬಿಟ್ಟು ಹೇಳಿ ನೋಡಿ. "ನಿನ್ನೆ ಐದಕ್ಕೆ ಪ್ರೂಫ್ ಬರಬೇಕಿತ್ತು ಕಣೇ, ಬಂದಿಲ್ಲ. ಏನಾಯ್ತು?" ಅಂತ ಹೇಳಿ, ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟ. ಮೊದಲ ಸಲ ಎಲ್ಲರೂ ಮೂರನೇ ಸೆಕೆಂಡಿಗೆ "ಪರವಾಗಿಲ್ಲ ಬಿಡು, ನಾನೇ ನೋಡ್ತೀನಿ" ಅಂದುಬಿಡುತ್ತಾರೆ. ನಾಲ್ಕೈದು ಸಲ ಹೇಳಿದ ಮೇಲೆ ನಾಲಿಗೆ ಪಳಗುತ್ತದೆ. ಅಂಗಡಿಯವನು ಅಡ್ವಾನ್ಸ್ ಕೇಳಿದ್ದ, ಅವಳ ಹತ್ತಿರ ದುಡ್ಡಿರಲಿಲ್ಲ, ಕೇಳಲು ಸಂಕೋಚ, ಇಷ್ಟೇ ಇರಬಹುದು ಕಾರಣ. ಬೈದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೂರು ದಿನದೊಳಗೆ ಮೆಂಟರ್ ಜೊತೆ ಕೂರಿ. ವಾರ ಕಳೆದರೆ ಚಪ್ಪಾಳೆಯೊಂದೇ ನೆನಪಿರುತ್ತದೆ. ಏನು ಅಂದುಕೊಂಡಿದ್ದೆ, ಏನಾಯಿತು, ಮುಂದಿನ ಸಲ ಯಾವ ಒಂದನ್ನು ಬದಲಿಸುತ್ತೇನೆ, ಈ ಮೂರಕ್ಕೆ ಉತ್ತರ ಬರೆದುಕೊಂಡೇ ಹೋಗಿ. ಒಂದೇ ಒಂದು ಅಂದದ್ದು ಬೇಕೆಂದೇ. ಹತ್ತು ಬದಲಾವಣೆ ಬರೆದವರು ಒಂದನ್ನೂ ಮಾಡುವುದಿಲ್ಲ.

ಬದುಕಿನ ಪ್ರಶ್ನೆಗಳು ಬರುತ್ತವೆ, ಬರಬೇಕು. ಎಂಬಿಎ ಮಾಡಲೋ ಕೆಲಸಕ್ಕೆ ಸೇರಲೋ, ಮನೆಯವರು ಕೆಎಎಸ್ ಬರೆ ಅನ್ನುತ್ತಾರೆ, ತಮ್ಮನ ಫೀಸು ಯಾರು ಕಟ್ಟುವುದು. ಇಲ್ಲೂ ಬರಿಗೈಲಿ ಹೋಗಬೇಡಿ. ಒಂದು ಪುಟದಲ್ಲಿ ಮೂರು ದಾರಿ ಬರೆಯಿರಿ; ಪ್ರತಿಯೊಂದರ ಮುಂದೆ ಖರ್ಚು, ಅರ್ಜಿಯ ಕೊನೆ ದಿನ, ಇದರಿಂದ ಮನೆಯಲ್ಲಿ ಯಾರಿಗೆ ಏನಾಗುತ್ತದೆ. "ಯಾವುದು ಸರಿ ಸರ್?" ಅನ್ನುವ ಬದಲು "ಇದರಲ್ಲಿ ನಾನು ಏನನ್ನು ವಿಚಾರಿಸಿಲ್ಲ?" ಅಂತ ಕೇಳಿ. ತೀರ್ಮಾನ ಮೆಂಟರ್ ಮಾಡಿದರೆ ನಾಳೆ ಸೋತಾಗ ತಪ್ಪು ಅವರದಾಗುತ್ತದೆ, ಗೆದ್ದಾಗಲೂ ನಿಮ್ಮ ಮೇಲೆ ನಿಮಗೆ ನಂಬಿಕೆ ಬೆಳೆದಿರುವುದಿಲ್ಲ. ತಮ್ಮ ಕಥೆಯನ್ನೇ ಹೇಳುತ್ತಾ ಹೋಗುವವರಿದ್ದರೆ "ಆಗ ನೀವು ಮಾಡಿದ ತಪ್ಪು ಯಾವುದು ಸರ್?" ಅಂತ ಒಮ್ಮೆ ಕೇಳಿ. ಮಾತು ತಾನಾಗಿ ಉಪಯೋಗದ ಕಡೆ ತಿರುಗುತ್ತದೆ.

ನಿದ್ದೆ ಬರದೆ ವಾರಗಳಾಗಿದ್ದರೆ, ಊಟ ಬಿಟ್ಟಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಅದು ಮೆಂಟರ್ ಕೈಲಿ ಆಗುವ ಕೆಲಸವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೆಂಟರ್ ಆಗಿರುವವರೂ ಈ ನಂಬರನ್ನು ಫೋನಿನಲ್ಲಿ ಇಟ್ಟುಕೊಂಡಿರಬೇಕು, ತಾವೇ ಡಾಕ್ಟರಾಗಲು ಹೋಗಬಾರದು.

ಮೋಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಈ ಊರಿನಲ್ಲಿ "ಮೆಂಟರ್‌ಶಿಪ್" ಅನ್ನುವ ಹೆಸರಲ್ಲಿ ಹೋಟೆಲ್ ಹಾಲಿಗೆ ಕರೆದು, ನೆಟ್‌ವರ್ಕ್ ಮಾರ್ಕೆಟಿಂಗಿಗೆ ಸೇರಿಸುವವರಿದ್ದಾರೆ. ಫೀಸು ಕಟ್ಟಿಸಿಕೊಂಡು ಕೆಲಸ ಕೊಡಿಸುತ್ತೇವೆ ಅನ್ನುವವರಿದ್ದಾರೆ. ಗುರುತು ಸುಲಭ: ಎರಡನೇ ಭೇಟಿಯೊಳಗೆ ದುಡ್ಡಿನ ಮಾತು, ಗೆಳೆಯರನ್ನು ಕರೆತಾ ಅನ್ನುವ ಒತ್ತಾಯ, ಮನೆಯಲ್ಲಿ ಈಗಲೇ ಹೇಳಬೇಡ ಅನ್ನುವ ಸಲಹೆ. ಮೂರರಲ್ಲಿ ಒಂದು ಕಂಡರೂ ಎದ್ದು ಬನ್ನಿ. ಮೆಂಟರ್ ಹತ್ತಿರ ಸಾಲ ಕೇಳಬೇಡಿ, ಅವರಿಗೆ ಕೊಡಲೂ ಬೇಡಿ. ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲಿ, ಬೆಳಕಿರುವಾಗ. ಎಲ್ಲಿ, ಯಾರ ಜೊತೆ ಅಂತ ರೂಮ್‌ಮೇಟಿಗೆ ತಿಳಿಸಿರಿ. ಹೊತ್ತಲ್ಲದ ಹೊತ್ತಿನ ಫೋನು, ರೂಪದ ಬಗ್ಗೆ ಮಾತು, ಒಬ್ಬಳೇ ಬಾ ಅನ್ನುವುದು, ಇವಕ್ಕೆ ಎರಡನೇ ಅವಕಾಶ ಕೊಡಬೇಡಿ. ಅವರು ಕಾಲೇಜಿನವರೇ ಆಗಿದ್ದರೆ ಆಂತರಿಕ ದೂರು ಸಮಿತಿ ಇರುವುದೇ ಅದಕ್ಕೆ.

ಯಾರ ತಪ್ಪೂ ಇಲ್ಲದೆ ಸಂಬಂಧ ಸಪ್ಪೆಯಾಗುವುದೂ ಉಂಟು. ಎರಡು ಮೆಸೇಜಿಗೆ ಉತ್ತರವಿಲ್ಲದಿದ್ದರೆ ಹದಿನೈದು ದಿನ ಬಿಟ್ಟು ಒಂದು ಸಲ ವಿಚಾರಿಸಿ, ಆಮೇಲೆ ಬಿಟ್ಟುಬಿಡಿ. ಅವರ ಮನೆಯಲ್ಲಿ ಏನಿದೆಯೋ ನಿಮಗೆ ಗೊತ್ತಿಲ್ಲ. ಆರು ತಿಂಗಳು ಪೂರ್ತಿ ನಡೆದರೆ ಕೊನೆಯ ಭೇಟಿಗೆ ಅದೇ ನೋಟ್‌ಬುಕ್ ತಗೊಂಡು ಹೋಗಿ, ಮೊದಲ ಬಲಗಡೆ ಪುಟ ಮತ್ತು ಕೊನೆಯ ಬಲಗಡೆ ಪುಟ ಎರಡನ್ನೂ ಅವರಿಗೆ ಓದಿ ಹೇಳಿ. ಆಮೇಲೆ ಫಲಿತಾಂಶ ಬಂದಾಗಲೋ ಕೆಲಸಕ್ಕೆ ಸೇರಿದಾಗಲೋ ಎರಡು ಸಾಲು ಬರೆಯಿರಿ. "ಥ್ಯಾಂಕ್ಯೂ ಸರ್ ಫಾರ್ ಎವ್ರಿಥಿಂಗ್" ಬೇಡ. "ಇವತ್ತು ಟೀಮಿನವರಿಗೆ ಕೆಲಸ ಹಂಚಿದೆ ಸರ್. ಪಟ್ಟಿಯಲ್ಲಿ ನನ್ನ ಹೆಸರು ಒಂದೇ ಸಲ ಇತ್ತು."